ಐದನೇ ಸಾಲಿನ ಪತ್ತೇದಾರಿ

ಸಾಕ್ಷಿ ಹೇಳುವವನು ಮೊದಲು ತಾನು ಎಲ್ಲಿ ನಿಂತಿದ್ದೆ ಎಂದು ಹೇಳಬೇಕಂತೆ. ನಾನು ನಿಂತಿರಲಿಲ್ಲ, ಕೂತಿದ್ದೆ. ಕಂಪನಿ ಬಸ್ಸಿನ ಎಡಗಡೆ ಐದನೇ ಸಾಲು, ಕಿಟಕಿ ಪಕ್ಕ. ಸೋಮವಾರ ಬೆಳಿಗ್ಗೆ ಎಂಟು ಗಂಟೆ ಐದು ನಿಮಿಷ. ಬಸ್ಸು ಬೊಮ್ಮಸಂದ್ರದಲ್ಲಿ ಹೊಸೂರು ರಸ್ತೆ ಬಿಟ್ಟು ಜಿಗಣಿ ಕಡೆ ತಿರುಗಿ ಒಂದು ನಿಮಿಷವೂ ಆಗಿರಲಿಲ್ಲ. ಹೊಸೂರು ರಸ್ತೆಗೆ ಮೇಲ್ಸೇತುವೆ ಕಟ್ಟುತ್ತಿದ್ದ ವರ್ಷಗಳು ಅವು. ಈಗಲೂ ಆ ತಿರುವು ಬಂದರೆ ನನ್ನ ಕೈ ತಾನಾಗಿ ಮುಂದಿನ ಸೀಟಿನ ಕಂಬಿ ಹಿಡಿದುಕೊಳ್ಳುತ್ತದೆ. ಅಪಘಾತವೇನೂ ಆಗಲಿಲ್ಲ, ಗಾಬರಿಯಾಗಬೇಡಿ. ಒಬ್ಬ ಮನುಷ್ಯ ಸೀಟು ಬದಲಾಯಿಸಿದರು, ಅಷ್ಟೆ.

ಆ ‘ಅಷ್ಟೆ’ ಎಷ್ಟು ಎನ್ನುವುದು ಕಂಪನಿ ಬಸ್ಸಿನಲ್ಲಿ ದಿನಾ ಓಡಾಡಿದವರಿಗೆ ಮಾತ್ರ ಗೊತ್ತು. ಅಲ್ಲಿ ಸೀಟಿನ ಮೇಲೆ ಹೆಸರು ಬರೆದಿರುವುದಿಲ್ಲ. ಆದರೂ ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೂರುವುದಿಲ್ಲ. ಸ್ಟೋರ್ಸಿನ ಸರೋಜಾ ಮೇಡಂ ಹೆರಿಗೆ ರಜೆಗೆ ಹೋದಾಗ ಮೂರು ತಿಂಗಳು ಅವರ ಸೀಟಿನಲ್ಲಿ ಟಿಫನ್ ಬ್ಯಾಗುಗಳು ಕೂತವೇ ಹೊರತು ಮನುಷ್ಯರು ಕೂರಲಿಲ್ಲ. ಹತ್ತಿದ ಕೂಡಲೇ ಎಲ್ಲರಿಗೂ ನಿದ್ದೆ, ಫ್ಯಾಕ್ಟರಿ ಗೇಟು ಬಂದಾಗ ಎಚ್ಚರ. ಪೇಂಟ್ ಶಾಪಿನ, ಅಂದರೆ ಬಣ್ಣ ಹಚ್ಚುವ ವಿಭಾಗದ, ಈರಣ್ಣನವರು ಬೆಳ್ಳಂದೂರಿನಲ್ಲಿ ಹತ್ತಿ ನನ್ನ ಪಕ್ಕ ಕೂರುತ್ತಿದ್ದರು. ಬಾಗಲಕೋಟೆ ಕಡೆಯವರು. ಎರಡು ವರ್ಷ ಹೀಗೆ ಕೂತು ನಾವು ಆಡಿದ ಮಾತು ಸ್ವಲ್ಪ ಜರುಗಿ ಎನ್ನುವುದೊಂದೇ. ನಿಜ ಹೇಳಬೇಕೆಂದರೆ, ಅದನ್ನು ಬಿಟ್ಟರೆ ದಿನದಲ್ಲಿ ನನಗೆ ಬೇರೆ ಮಾತೂ ಹೆಚ್ಚಿರಲಿಲ್ಲ. ಮಾರತ್ತಹಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿಯ ಮೇಲೆ ಒಂಟಿ ರೂಮು. ಕೆಲಸ ಇನ್‌ಸ್ಪೆಕ್ಷನ್ನು: ತಯಾರಾದ ಭಾಗಗಳನ್ನು ಅಳೆಯುವುದು, ಸರಿಯಿದ್ದರೆ ಅವುಗಳ ಜೊತೆ ಬರುವ ಕಾರ್ಡಿನ ತಳದಲ್ಲಿ ಪೆನ್ಸಿಲಿನಲ್ಲಿ ಒಂದು ಟಿಕ್, ಪಕ್ಕದಲ್ಲಿ ಪುಟ್ಟ ಸಹಿ. ಗೇರು ಚಕ್ರಗಳ ಜೊತೆ ಎಷ್ಟೆಂದು ಮಾತಾಡುವುದು?

ಆ ವರ್ಷ ಆಯುಧಪೂಜೆಗೆ ಕ್ಯಾಂಟೀನು ತೊಳೆಯುವಾಗ ಕಪಾಟಿನ ಹಿಂದೆ ಒಂದು ಪುಸ್ತಕ ಸಿಕ್ಕಿತು. ರಕ್ಷಾಪುಟ ಹರಿದುಹೋಗಿತ್ತು, ಹೆಸರಿಲ್ಲ. ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ಹಳೆಯ ಪತ್ತೇದಾರಿ ಕಾದಂಬರಿ. ಹಿಮ ಬಿದ್ದು ದಾರಿ ಮುಚ್ಚಿದ ಬಂಗಲೆ, ಅದರೊಳಗೆ ವಿಷವುಂಡು ಸತ್ತ ಒಬ್ಬ ದೊರೆ, ಸುತ್ತ ಒಂಬತ್ತು ಜನ. ಅನುವಾದಕರು ಬಲು ಕರುಣಾಳು. ದೊರೆ ಊಟಕ್ಕೆ ಮುಂಚೆ ಬಟ್ಟೆ ಬದಲಾಯಿಸಿದರೆ ಪುಟದ ಕೆಳಗೊಂದು ಟಿಪ್ಪಣಿ: ‘ಇದು ಅವರಲ್ಲಿಯ ಪದ್ಧತಿ.’ ಹೆಂಡತಿ ಬೇರೆ ಕೋಣೆಯಲ್ಲಿ ಮಲಗಿದರೆ ಮತ್ತೆ ಅದೇ ಟಿಪ್ಪಣಿ. ವಿಷ ಹಾಕಿದ ಜಾಗದಲ್ಲಿ ಮಾತ್ರ ಟಿಪ್ಪಣಿ ಇರಲಿಲ್ಲ.

ಬಸ್ಸಿನಲ್ಲಿ ಓದತೊಡಗಿದ ಮೂರನೇ ದಿನ, ಪುಟ ತಿರುಗಿಸಲು ಹೋದಾಗ ಒಂದು ಬೆರಳು ಬಂದು ಹಾಳೆಯನ್ನು ಒತ್ತಿ ಹಿಡಿಯಿತು. "ತಡೀರಿ ಸರ್, ಇನ್ನೂ ನಾಕ ಸಾಲ ಅದಾವ," ಎಂದರು ಈರಣ್ಣ. ಮಲಗಿದ್ದಾರೆಂದು ನಾನು ತಿಳಿದಿದ್ದ ಮನುಷ್ಯ ಮೂರು ದಿನದಿಂದ ನನ್ನ ಭುಜದ ಮೇಲಿಂದ ಓದುತ್ತಿದ್ದರು. ಅಲ್ಲಿಂದ ನಮ್ಮ ಓದು ಜೋಡಿ ಓದಾಯಿತು. ನಾನು ವೈದ್ಯನೇ ಕೊಲೆಗಾರ ಎಂದೆ. ಅವರು ಅಡುಗೆಯವಳ ಮೇಲೆ ಅನುಮಾನಪಟ್ಟರು. ಸಂಜೆ ರೂಮಿನಲ್ಲಿ ರೊಟ್ಟಿ ಬಡಿಯುತ್ತಾ ಅವತ್ತಿನ ಪುಟಗಳನ್ನು ತಮ್ಮ ಊರಿನ ನಾಲ್ವರಿಗೆ ಹೇಳುತ್ತಿದ್ದರಂತೆ. ಅವರ ಬಾಯಲ್ಲಿ ದೊರೆ ಗೌಡರಾಗಿದ್ದರು, ಹಿಮ ಮಾತ್ರ ಹಿಮವೇ ಆಗಿತ್ತು. ನಾಲ್ವರಲ್ಲಿ ಇಬ್ಬರು ನನ್ನ ಕಡೆ, ಇಬ್ಬರು ಅವರ ಕಡೆ. ನಾನು ಕಂಡಿರದ ಇಬ್ಬರು ನನ್ನ ಕಡೆ ಇದ್ದಾರೆ ಎನ್ನುವುದು ನನಗೆ ಎಷ್ಟು ದೊಡ್ಡ ಸಂಗತಿ ಎಂದು ಅವರಿಗೆ ಹೇಳಲಿಲ್ಲ. ಒಂದು ಕರಾರು ಮಾತ್ರ ಆಗಿತ್ತು: ಬಸ್ಸಿನ ಹೊರಗೆ ಪುಸ್ತಕ ತೆರೆಯುವಂತಿಲ್ಲ.

ಆಮೇಲೆ ಆ ಭಾನುವಾರ ಬಂತು. ಬೆಳಿಗ್ಗೆಯಿಂದ ನನ್ನ ಗಂಟಲು ಉಪಯೋಗಕ್ಕೆ ಬಂದದ್ದು ಒಂದೇ ಸಲ, ಹೋಟೆಲಿನಲ್ಲಿ ಚಟ್ನಿ ಕೇಳಲು. ಬಟ್ಟೆ ಒಗೆದೆ. ಒಣಗಿದೆಯೇ ಎಂದು ಆರು ಸಲ ನೋಡಿದೆ. ಮಧ್ಯಾಹ್ನ ಎರಡೂಕಾಲಿಗೆ, ಒಂದೇ ಪುಟ ಎಂದುಕೊಂಡು ಪುಸ್ತಕ ತೆರೆದೆ. ಐದಕ್ಕೆ ಮುಗಿದಿತ್ತು. ಕೊಲೆಗಾರ ಯಾರೆಂದು ಗೊತ್ತಾಯಿತು. ಹೇಳಲು ಯಾರೂ ಇರಲಿಲ್ಲ.

ಸೋಮವಾರ ಏನೂ ಆಗದವನಂತೆ ಬಿಟ್ಟ ಪುಟವನ್ನೇ ತೆರೆದು ಹಿಡಿದೆ. ಕಷ್ಟಪಟ್ಟು ಕಣ್ಣುಗಳನ್ನು ಸಾಲಿನ ಮೇಲೆ ಓಡಿಸಿದೆ. ಒಂದೆರಡು ಕಡೆ ಛೇ ಎಂದೂ ಅಂದೆ. ಬೊಮ್ಮಸಂದ್ರದ ತಿರುವಿನಲ್ಲಿ ಈರಣ್ಣನವರ ಬೆರಳು ಪುಟದ ತಳಕ್ಕೆ ಹೋಗಿ ನಿಂತಿತು. ಅಲ್ಲಿ ಪೆನ್ಸಿಲಿನ ಟಿಕ್ ಇತ್ತು, ಪಕ್ಕದಲ್ಲಿ ನನ್ನ ಸಹಿ. ಮುಂದಿನ ಪುಟ ತಿರುಗಿಸಿದರು; ಅಲ್ಲೂ ಇತ್ತು. ಹನ್ನೊಂದು ವರ್ಷದ ಅಭ್ಯಾಸ. ಭಾನುವಾರ ನಾನು ಓದಿರಲಿಲ್ಲ, ಕೊನೆಯವರೆಗೂ ಪುಟಪುಟವನ್ನೂ ತಪಾಸಣೆ ಮಾಡಿ ಪಾಸು ಮಾಡಿದ್ದೆ. ಈರಣ್ಣ ಪುಸ್ತಕವನ್ನು ತಮ್ಮ ತೊಡೆಗೆ ಎಳೆದುಕೊಂಡು ಕೊನೆಯ ಪುಟ ತೆರೆದರು. ಅಕ್ಷರಗಳು ಕಾಣದಂತೆ ಅಂಗೈಯಿಂದ ಇಡೀ ಪುಟ ಮುಚ್ಚಿ, ಕೆಳಗಿನ ಅಂಚನ್ನು ಮಾತ್ರ ನೋಡಿದರು. ಟಿಕ್ ಇತ್ತು.

"ನೀವೊಬ್ಬರ ಕುಂತು ಓದೀರಿ," ಎಂದರು.

"ನಿನ್ನೆ ಭಾನುವಾರ ಇತ್ತು ಈರಣ್ಣ," ಎಂದೆ.

"ನನಗೂ ಭಾನುವಾರನ ಇತ್ತಲ್ರಿ, ಸರ್."

ಪುಸ್ತಕ ಹಿಡಿದು ಎದ್ದರು. ಹಿಂದೆ, ಚಕ್ರದ ಮೇಲೆ ಕುಲುಕುವುದರಿಂದ ಯಾರೂ ಕೂರದ ಸೀಟಿಗೆ ಹೋಗಿ ಕೂತರು. ಇಡೀ ಬಸ್ಸು ಗೇಟು ಬರುವ ಮೊದಲೇ ಎಚ್ಚರವಾಯಿತು. ಡ್ರೈವರ್ ಮುನಿರಾಜು ಕನ್ನಡಿಯಲ್ಲಿ ಈರಣ್ಣನನ್ನು ನೋಡಿ, ಆಮೇಲೆ ನನ್ನನ್ನು ನೋಡಿದ. ನಾನು ಕಂಬಿ ಹಿಡಿದುಕೊಂಡೆ.

ಹೇಗೂ ಎಚ್ಚರವಾದವರು ಮರುದಿನದಿಂದ ಸುಮ್ಮನೆ ಕೂರಲಿಲ್ಲ. ವಿಷಯ ಏನೆಂದು ಕೇಳಿದರು. ಈರಣ್ಣ ಕಥೆಯನ್ನು ಮೊದಲಿನಿಂದ ಹೇಳಿದರು. ಆಮೇಲೆ ಗಟ್ಟಿಯಾಗಿ ಓದಿದರು. ಮುನಿರಾಜು ರೇಡಿಯೋ ನಿಲ್ಲಿಸಿದ. ಸರೋಜಾ ಮೇಡಂ ಟಿಪ್ಪಣಿ ಬಂದಾಗಲೆಲ್ಲ ಓದುವವರಿಗಿಂತ ಮುಂಚೆ ‘ಇದು ಅವರಲ್ಲಿಯ ಪದ್ಧತಿ’ ಎನ್ನುವಷ್ಟು ಪಳಗಿದರು. ಜನ ಹಿಂದಿನ ಸಾಲುಗಳ ಕಡೆ ತಿರುಗಿ ಕೂರತೊಡಗಿದರು. ನಾನೊಬ್ಬನೇ ಮುಂದೆ ನೋಡುತ್ತಾ ಕೂತೆ. ಗೊತ್ತಿರುವವನು ಯಾವ ಮುಖ ಇಟ್ಟುಕೊಂಡು ತಿರುಗುವುದು? ಶುಕ್ರವಾರ, ಕೊನೆಯ ಅಧ್ಯಾಯಕ್ಕೆ ಮುಂಚೆ, ಈರಣ್ಣ ಪುಸ್ತಕ ಮಡಿಚಿ ಎಲ್ಲರ ಅಭಿಪ್ರಾಯ ಕೇಳಿದರು. ಒಬ್ಬೊಬ್ಬರದು ಒಂದೊಂದು ಹೆಸರು. ನನ್ನ ಸರದಿ ಬಂತು. ನಾನು ಬಾಯಿ ತೆರೆದೆ.

"ಐದನೇ ಸಾಲಿನವರು ಏನೂ ಹೇಳಬ್ಯಾಡ್ರಿ," ಎಂದರು ಈರಣ್ಣ ಹಿಂದಿನಿಂದ. ಬಸ್ಸಿಗೆ ಬಸ್ಸೇ ನಕ್ಕಿತು. ಅವರೂ ನಕ್ಕರು. ನಾನೂ, ಮುಂದೆ ನೋಡುತ್ತಲೇ, ನಕ್ಕೆ. ನನ್ನ ಪಕ್ಕದ ಸೀಟು ಮಾತ್ರ ನಾನು ಆ ಕಂಪನಿ ಬಿಡುವವರೆಗೂ ಖಾಲಿಯೇ ಇತ್ತು. ನಾನೇ ಎದ್ದು ಹಿಂದೆ ಅವರ ಪಕ್ಕ ಹೋಗಿ ಕೂರಬಹುದಿತ್ತು ಎಂದು ನನಗೆ ಹೊಳೆದದ್ದು ಈಗ, ಇದನ್ನು ಬರೆಯುವಾಗ.

ಇದಿಷ್ಟೂ ನಿಜ. ಕಂಡವರು ಇದ್ದಾರೆ. ಮುನಿರಾಜು ಆನೇಕಲ್ಲಿನಲ್ಲಿ ಸ್ವಂತ ವ್ಯಾನು ಓಡಿಸುತ್ತಾನೆ. ಸರೋಜಾ ಮೇಡಂ ಅದೇ ಸ್ಟೋರ್ಸಿನಲ್ಲಿ, ಅದೇ ಸೀಟಿನಲ್ಲಿ ಇದ್ದಾರೆ. ಈರಣ್ಣ ಊರಿಗೆ ಮರಳಿ ಬಣ್ಣದ ಅಂಗಡಿ ಇಟ್ಟಿದ್ದಾರೆ, ಆರೋಗ್ಯವಾಗಿದ್ದಾರೆಂದು ಕೇಳಿದ್ದೇನೆ. ತಪ್ಪಿತಸ್ಥ ಯಾರೆಂದು ಮೂವರಲ್ಲಿ ಯಾರನ್ನು ಬೇಕಾದರೂ ಕೇಳಿ. ಕಾದಂಬರಿಯದು ಮರೆತಿರಬಹುದು, ಬಸ್ಸಿನದು ಮರೆತಿರಲಾರರು.