ಅವ್ವನ ಖಾನಾವಳಿಯ ಪೇರಲ ಸಾಹೇಬರು

ಕೆಲವು ಜಾಗಗಳ ಗುಣವೇ ಹಾಗೆ. ಅಲ್ಲಿ ಸುಮ್ಮನೆ ಊಟಕ್ಕೆ ಕೂತರೂ ಸಾಕು, ಎದ್ದು ಕೈ ತೊಳೆಯುವುದರೊಳಗೆ ನಗುವಂಥದ್ದೊಂದು ನಡೆದು ಹೋಗಿರುತ್ತದೆ. ನನ್ನ ಪಾಲಿಗೆ ಅಂಥ ಜಾಗ ಆಲಮಟ್ಟಿಯಲ್ಲಿ ಅವ್ವ ನಡೆಸುತ್ತಿದ್ದ ಖಾನಾವಳಿ.

ಎಪ್ಪತ್ತರ ದಶಕ. ನಾನು ಸಿಂದಗಿ ಕಡೆಯವನು. ಮೆಟ್ರಿಕ್ ಮುಗಿಸಿ, ಆಣೆಕಟ್ಟಿನ ಕೆಲಸದಲ್ಲಿ ನಕ್ಷೆ ತಿದ್ದುವ ಟ್ರೇಸರ್ ಆಗಿ ಸೇರಿಕೊಂಡಿದ್ದೆ. ಅವ್ವ ನನ್ನ ಹೆತ್ತವ್ವನಲ್ಲ, ಮುದ್ದೇಬಿಹಾಳದವಳು. ಗಂಡ ತೀರಿಕೊಂಡ ಮೇಲೆ ಹೊಳೆ ದಂಡೆಗೆ ಬಂದು, ನಾಲ್ಕು ತಗಡು ನಿಲ್ಲಿಸಿ ಒಲೆ ಹೂಡಿದ್ದಳು. ಉಣ್ಣಲು ಬರುವವರಿಗೆಲ್ಲ ಆಕೆ ಅವ್ವನೇ.

ಈಗ ಕಣ್ಣು ಮುಚ್ಚಿದರೆ ಆ ಮಧ್ಯಾಹ್ನಗಳೆಲ್ಲ ಕೂಡಿ ಒಂದೇ ಉದ್ದನೆಯ ಮಧ್ಯಾಹ್ನವಾಗಿ ಕಾಣುತ್ತವೆ. ತಗಡಿನ ತೂತಿನಿಂದ ಇಳಿದ ಬಿಸಿಲಿನ ಕೋಲು, ಅದರೊಳಗೆ ತೇಲುವ ಕಲ್ಲಿನ ಪುಡಿ, ರೊಟ್ಟಿ ಬಡಿಯುವ ಸಪ್ಪಳ, ಆಚೆ ಅವಸರವಿಲ್ಲದೆ ಹರಿಯುವ ಕೃಷ್ಣೆ. ಆ ಬಿಸಿಲಿನ ಕೋಲು ದಾಟಿಯೇ ಒಂದು ದಿನ ಆ ಮನುಷ್ಯ ಒಳಗೆ ಬಂದದ್ದು.

೧. ಯಾವ ಊರು

ಗಿಡ್ಡ ಆಳು, ಸಣ್ಣ ಕಣ್ಣು, ಬಣ್ಣ ಮಾಸಿದ ಟೊಪ್ಪಿಗೆ. ಕಲ್ಲು ಒಡೆಯುವ ಹೊಸ ಮಷೀನು ಕೂಡಿಸಲು ಪರದೇಶದಿಂದ ಬಂದ ಮೆಕ್ಯಾನಿಕ್. ಮಷೀನಿನ ಒಂದು ಭಾಗ ಇನ್ನೂ ಹಡಗಿನಲ್ಲಿತ್ತು. ಅದು ಬರುವವರೆಗೆ ಅವರಿಗೆ ಉಣ್ಣುವುದು, ಕೂರುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ.

ಯಾವ ಊರವರೋ ಕೇಳು ಅಂತ ಅವ್ವ ನನಗೆ ಹೇಳಿದಳು. ಅವರ ಇಂಗ್ಲಿಷು ಅರ್ಧ, ನನ್ನದೂ ಅರ್ಧ. ಎರಡು ಅರ್ಧ ಸೇರಿ ಒಂದಾಗಬೇಕಿತ್ತು, ಆದರೆ ನಮ್ಮಿಬ್ಬರಿಗೂ ಗೊತ್ತಿದ್ದದ್ದು ಅದೇ ಅರ್ಧ. ಹೇಗೋ ಕೇಳಿದೆ. ಅವರು ಎದೆ ಮೇಲೆ ಕೈ ಇಟ್ಟುಕೊಂಡು "ಪೆರು" ಅಂದರು.

ನಮ್ಮ ಕಡೆ ಪೇರಲ ಹಣ್ಣಿಗೆ ಪೇರು ಅಂತಲೂ ಅನ್ನುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ಅವ್ವ ಎದ್ದು ಹೋಗಿ, ಹಿತ್ತಲ ಗಿಡದಿಂದ ನಾಲ್ಕು ಪೇರಲ ಹಣ್ಣು ಹರಿದು ತಂದು ಅವರ ಮುಂದೆ ಇಟ್ಟಳು. ಅವರು ಹಣ್ಣು ನೋಡಿದರು, ಅವಳನ್ನು ನೋಡಿದರು, ಮತ್ತೆ ಎದೆ ಮುಟ್ಟಿಕೊಂಡು "ಪೆರು, ಪೆರು" ಅಂದರು. ಅವ್ವ ಮತ್ತೆರಡು ತಂದಳು. ಆರೂ ತಿಂದು ಮುಗಿಸಿದ ಮೇಲೆ ಅವರು ನೆಲದ ಮೇಲೆ ಇದ್ದಿಲಿನಿಂದ ಭೂಮಿಯ ಚಿತ್ರ ಬರೆದು ತೋರಿಸಿದರು. ಅಜ್ಜ ಜಪಾನಿನವರು, ಹಡಗು ಹತ್ತಿ ಪೆರು ಎಂಬ ದೇಶಕ್ಕೆ ಕಬ್ಬು ಕಡಿಯಲು ಹೋದವರು, ಅಲ್ಲೇ ನಿಂತರು. ತಾವು ಹುಟ್ಟಿದ್ದೂ ಅಲ್ಲೇ.

ಇದನ್ನು ನಾನು ಹೇಳಿದಾಗ ಅವ್ವನ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. ನಮ್ಮ ಕಡೆ ಮಂದಿ ಪ್ರತಿ ವರ್ಷ ಸಾಂಗ್ಲಿ ಕಡೆ ಕಬ್ಬು ಕಡಿಯಲು ಹೋಗುವವರೇ.

"ಸಾಂಗ್ಲಿಗಿಂತ ದೂರ ಐತೇನು ತಮ್ಮಾ?" ಅಂತ ಕೇಳಿದಳು.

ಸ್ವಲ್ಪ ದೂರ ಅಂದೆ.

"ಹಂಗಾರ ಬಸ್ಸಿನ್ಯಾಗ ಹೋಗಬೇಕಿತ್ತು, ಹಡಗ್ಯಾಕ ಹತ್ತಿದ್ರೋ" ಅಂದಳು.

ಅಂದಿನಿಂದ ಅವರು ಎಲ್ಲರ ಬಾಯಲ್ಲೂ ಪೇರಲ ಸಾಹೇಬರು.

೨. ತೊಗರಿ ಕಡ್ಡಿ

ಸಾಹೇಬರು ಒಣಗಿದ ತೊಗರಿ ಕಟ್ಟಿಗೆಯಿಂದ ಎರಡು ಕಡ್ಡಿ ಕೆತ್ತಿಕೊಂಡರು. ಅವೆರಡನ್ನೇ ಬೆರಳಲ್ಲಿ ಹಿಡಿದು, ಮಡಕಿ ಕಾಳಿನ ಪಲ್ಯವನ್ನು ಒಂದೊಂದೇ ಕಾಳು ಎತ್ತಿ ತಿನ್ನುತ್ತಿದ್ದರು. ಹಕ್ಕಿ ತೆನೆಗೆ ಕುಕ್ಕಿದ ಹಾಗೆ. ನೋಡುತ್ತ ಕೂತರೆ ಜೊಂಪು ಹತ್ತುತ್ತಿತ್ತು. ಇಡೀ ಪಂಕ್ತಿ ಕೈಯಲ್ಲಿ ರೊಟ್ಟಿ ಹಿಡಿದುಕೊಂಡೇ ಮರೆತು ಕೂತಿರುತ್ತಿತ್ತು.

ಸಿಂದಗಿಯ ಒಬ್ಬ ಲಾರಿ ಡ್ರೈವರ್ ಇದ್ದ. ಖಾನಾವಳಿಯಲ್ಲಿ ಎಷ್ಟು ರೊಟ್ಟಿ ತಿಂದರೂ ದರ ಒಂದೇ; ಇವನು ಒಂದೇ ಹೊತ್ತಿಗೆ ಹನ್ನೊಂದು ಇಳಿಸುವ ಆಸಾಮಿ. ಇದೇನು ದೊಡ್ಡ ವಿದ್ಯೆ ಅಂತ ಅವನೂ ಕಡ್ಡಿ ತೆಗೆದುಕೊಂಡ. ಮೊದಲ ಕಾಳು ಪಕ್ಕದವನ ತಾಟಿಗೆ ಹಾರಿತು, ಎರಡನೆಯದು ಅವ್ವನ ಒಲೆಗೆ. ಹಟ ಬಿಡಲಿಲ್ಲ. ಮುಕ್ಕಾಲು ತಾಸು ಬೆವರಿದ. ಹೊರಗೆ ಲಾರಿಯ ಕ್ಲೀನರ್ ಹಾರ್ನ್ ಬಾರಿಸತೊಡಗಿದಾಗ, ಒಂದೂವರೆ ರೊಟ್ಟಿಗೇ ಸೋತು ಎದ್ದು ಹೋದ.

ಮರುದಿನ ಅವನು ಬಂದು ಕೂತಾಗ ಅವ್ವ ನೀರಿನ ಚರಗಿಗಿಂತ ಮೊದಲು ಕಡ್ಡಿ ತಂದಿಟ್ಟಳು.

೩. ನಿಂಬೆಹಣ್ಣಿನ ಕಾವು

ಒಂದು ರವಿವಾರ ಸಾಹೇಬರು ತಾವೇ ಅಡುಗೆ ಮಾಡುವುದಾಗಿ ಹೇಳಿದರು. ಹೊಳೆಯಿಂದ ಆಗಷ್ಟೇ ತಂದ ಮೀನು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ನಿಂಬೆಗೆ ಹೆಸರಾದ ಇಂಡಿ ಊರಿನಿಂದ ನಾನು ತಂದುಕೊಟ್ಟ ಒಂದು ಚೀಲ ನಿಂಬೆಹಣ್ಣು. ಅವ್ವ ಒಲೆ ಉರಿಸಿ ಕಾಯುತ್ತ ಕೂತಳು. ಸಾಹೇಬರು ಮೀನನ್ನು ತೆಳ್ಳಗೆ ಕೊಯ್ದು, ಬೋಗಾಣಿಯಲ್ಲಿ ಹಾಕಿ, ನಿಂಬೆ ಹಿಂಡಿ, ಉಪ್ಪು ಕಲಸಿ ಮುಚ್ಚಿಟ್ಟರು. ಸ್ವಲ್ಪ ಹೊತ್ತು ಹೊಳೆ ನೋಡುತ್ತ ನಿಂತರು. ಆಮೇಲೆ ತಿರುಗಿ, ಆಯಿತು ಅಂದರು.

ಬೇಯಿಸುವುದು ಯಾವಾಗ ಅಂತ ಅವ್ವ ಕೇಳಿದಳು. ನಿಂಬೆರಸವೇ ಬೇಯಿಸಿತು ಅಂದರು ಅವರು. ನಾನು ಹಾಗೇ ತಿಳಿಸಿದೆ. ಅವ್ವ ಬೋಗಾಣಿಯ ಮೇಲೆ ಅಂಗೈ ಹಿಡಿದು ಕಾವು ನೋಡಿದಳು. ತಣ್ಣಗಿತ್ತು.

"ಇಷ್ಟು ವರ್ಷ ಹೊಗಿ ಕುಡದೇನಿ. ನಿಂಬಿಗಿಡದ ಬುಡಕ ಕುಂತಿದ್ರ ಆಗತಿತ್ತು" ಅಂದಳು ಮೆಲ್ಲಗೆ.

ಆದರೂ ಉಣ್ಣಲು ಬಂದವರ ಹೊಟ್ಟೆಯ ಹೊಣೆ ಅವಳದು. ಸಾಹೇಬರು ಕೈ ತೊಳೆಯಲು ಹೊಳೆಗೆ ಇಳಿದ ಕೂಡಲೇ ಬೋಗಾಣಿಯನ್ನು ಹಂಚಿಗೆ ಮಗುಚಿ, ಹುರಿದು, ಮತ್ತೆ ಬೋಗಾಣಿಗೆ ತುಂಬಿ, ಏನೂ ಆಗದವಳಂತೆ ಸೆರಗಿನಿಂದ ಮುಖ ಒರೆಸಿಕೊಂಡು ಕೂತಳು. ನಾನು ಹೊಳೆಯ ದಾರಿ ನೋಡುತ್ತ ನಿಂತೆ. ಊರು ಬಿಟ್ಟು ಬಂದ ಮನುಷ್ಯ, ತನ್ನ ತಾಯಿ ಮಾಡುತ್ತಿದ್ದ ಅಡುಗೆ ಅಂತ ಆಸೆಯಿಂದ ಮಾಡಿದ್ದು. ಗೊತ್ತಾದರೆ ಎಷ್ಟು ನೊಂದುಕೊಳ್ಳುತ್ತಾರೋ.

ಸಾಹೇಬರು ಒಂದು ತುತ್ತು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ಬಹಳ ಹೊತ್ತು ತೆರೆಯಲಿಲ್ಲ. ರೆಪ್ಪೆಯ ಅಂಚು ಒದ್ದೆಯಾಗಿತ್ತು. ಎರಡನೇ ಸಲ ಬಡಿಸಿಕೊಂಡು, ಬೋಗಾಣಿಯ ತಳದ ಬಿಸಿ ಮುಟ್ಟಿ ನೋಡಿ, ನನ್ನ ಕಡೆ ಬಗ್ಗಿ ಗುಟ್ಟಿನಲ್ಲಿ ಹೇಳಿದರು: ಪೆರುವಿನ ನಿಂಬೆ ಏನೂ ಅಲ್ಲ, ನಿಮ್ಮ ಇಂಡಿಯ ನಿಂಬೆಗೆ ಭಾರಿ ಶಕ್ತಿ ಇದೆ.

೪. ಉಪ್ಪು

ಅವ್ವ ಸಮುದ್ರ ಕಂಡಿರಲಿಲ್ಲ. ನಾನೂ ಕಂಡಿರಲಿಲ್ಲ. ಹೇಗಿರುತ್ತದೆ ಅಂತ ಒಂದು ಸಂಜೆ ಕೇಳಿದಳು. ಸಾಹೇಬರು ಮಾತು ಹುಡುಕಿ ಸಾಕಾಗಿ, ನಮ್ಮಿಬ್ಬರನ್ನೂ ಖಾನಾವಳಿಯ ಹಿಂದಕ್ಕೆ ಕರೆದುಕೊಂಡು ಹೋದರು. ಅಲ್ಲಿಂದ ಬಾಗೇವಾಡಿ ದಿಕ್ಕಿಗೆ ಕಣ್ಣು ಹಾಯುವಷ್ಟೂ ಬಿಳಿಜೋಳ. ಗಾಳಿ ಬಂದಾಗ ತೆನೆಗಳೆಲ್ಲ ಒಮ್ಮೆಲೇ ಬಾಗಿ, ಒಮ್ಮೆಲೇ ಏಳುತ್ತಿದ್ದವು. ಇಳಿಬಿಸಿಲಿಗೆ ಹೊಲವೇ ಉಸಿರಾಡುತ್ತಿದ್ದಂತೆ ಕಾಣುತ್ತಿತ್ತು. ಹೀಗೇ, ಆದರೆ ಪೂರಾ ನೀರು ಅಂದರು.

ನನಗಂತೂ ಕಾಲಡಿಯ ನೆಲ ತೇಲಿದಂತಾಯಿತು. ಅವ್ವನ ಕಣ್ಣಲ್ಲಿ ಏನೋ ತುಂಬಿಕೊಂಡಿತ್ತು. ಅಷ್ಟು ನೀರನ್ನು ಮಂದಿ ಕುಡಿಯುತ್ತಾರೇನು ಅಂತ ಕೇಳಿದಳು. ಇಲ್ಲ, ಬಾಯಿಗಿಡಲು ಬಾರದಷ್ಟು ಉಪ್ಪು ಅಂದರು ಸಾಹೇಬರು.

ಅವ್ವ ಹೊಲದ ಕಡೆ ನೋಡುತ್ತಲೇ ಇದ್ದಳು. ಆಮೇಲೆ ನಿಟ್ಟುಸಿರು ಬಿಟ್ಟು ಅಂದಳು: "ದೇವರು ಗಂಡಸ ಅಲ್ಲೇನು ಮತ್ತ. ಉಪ್ಪಿನ ಅಳತಿ ಹೆಂಗ ತಿಳೀಬೇಕು."

೫. ಆರು ಪ್ರಶ್ನೆ

ಮಷೀನಿನ ಭಾಗ ಇನ್ನೂ ಬಂದಿರಲಿಲ್ಲ. ಸಾಹೇಬರು ಖಾನಾವಳಿಗೆ ತಮ್ಮದೊಂದು ಪದಾರ್ಥ ಸೇರಿಸಿದ್ದರು. ಬೇಯಿಸಿದ ಆಲೂಗಡ್ಡೆಯನ್ನು ಹಿಸುಕಿ, ನಿಂಬೆರಸ, ಮೆಣಸಿನಕಾಯಿ ಕಲಸಿ, ಆರಿಸಿ, ಇಟ್ಟಿಗೆಯಂತೆ ಕೊಯ್ದು ರೊಟ್ಟಿಯ ಮೇಲೆ ಇಡುವುದು. ಗಿರಾಕಿಗಳು ಇದೇನು ಅಂತ ಕೇಳಿದರೆ ಹೇಳಲಿ ಅಂತ ಅವ್ವ ಅವರಿಗೆ ಕೆಲವು ಮಾತು ಕಲಿಸಿದ್ದಳು. ಛಲೋ ಐತಿ. ಮೆತ್ತಗ ಐತಿ. ತಣ್ಣಗ ಐತಿ. ಖಾರ ಭಾಳಿಲ್ಲ. ಸಂಜಿತನಾ ಕೆಡೂದಿಲ್ಲ. ಸಂಜಿ ಆದ ಮ್ಯಾಲೆ ಇಲ್ಲಿ ಇರೂದಿಲ್ಲ. ಈ ಆರನ್ನೂ ಅವರು ಮಗ್ಗಿಯಂತೆ ಬಾಯಿಪಾಠ ಮಾಡಿದ್ದರು. ಬೇರೆ ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ.

ಅದೇ ದಿನಗಳಲ್ಲಿ ನನಗೆ ಇಂಡಿಯ ಒಂದು ಹೆಣ್ಣು ಗೊತ್ತು ಮಾಡುವ ಮಾತು ನಡೆದಿತ್ತು. ಹುಡುಗಿಯನ್ನು ನಾನು ಒಮ್ಮೆ ನೋಡಿದ್ದೆ. ಆಮೇಲೆ ನಕ್ಷೆಯ ಮೇಲೆ ಕಾಲುವೆ ಎಳೆಯಲು ಕೂತರೆ ಗೆರೆ ತಾನಾಗಿಯೇ ಇಂಡಿಯ ಕಡೆ ತಿರುಗುತ್ತಿತ್ತು. ಆದರೆ ಅವಳ ತಂದೆ ಸಾಲಿ ಮಾಸ್ತರರು, ಬಲು ಕಟ್ಟುನಿಟ್ಟು. ಆಗಲೇ ಇಬ್ಬರು ವರಗಳನ್ನು ವಿಚಾರಣೆಯಲ್ಲೇ ನಪಾಸು ಮಾಡಿದ್ದರು. ನನ್ನ ಬಗ್ಗೆ ಕೇಳಲು, ಯಾರಿಗೂ ಹೇಳದೆ, ಒಂದು ದಿನ ಬಸ್ಸು ಹತ್ತಿ ಖಾನಾವಳಿಗೆ ಬಂದಿಳಿದರು. ನಾನು ಕಚೇರಿಯಲ್ಲಿದ್ದೆ. ಅವ್ವ ನೀರಿಗೆ ಹೋಗಿದ್ದಳು. ಒಲೆಯ ಮುಂದೆ ಪೇರಲ ಸಾಹೇಬರೊಬ್ಬರೇ.

ಇದೆಲ್ಲ ನನಗೆ ಗೊತ್ತಾದದ್ದು ನಿಶ್ಚಯದ ದಿನ. ಮಾಸ್ತರರು ಹಿರಿಯರ ನಡುವೆ ಕೂತು ತಾವೇ ಹೇಳಿದರು. ಇಲ್ಲಿ ಉಣ್ಣಲು ಬರುವ ಟ್ರೇಸರ್ ಹುಡುಗ ಹೇಗೆ ಅಂತ ಒಲೆಯ ಮುಂದಿದ್ದ ಪರದೇಶದವರನ್ನು ಕೇಳಿದೆ, ಛಲೋ ಅಂದರು. ಸ್ವಭಾವ ಹೇಗೆ ಅಂದೆ, ಮೆತ್ತಗೆ ಅಂದರು. ಸಿಟ್ಟು ಬಂದರೆ? ತಣ್ಣಗೆ. ಚಟಗಳು? ಖಾರ ಭಾಳಿಲ್ಲ ಅಂದರು. ಅಡ್ಡಿಯಿಲ್ಲ, ಸಣ್ಣದೇನಾದರೂ ಇದ್ದೀತು, ಮುಚ್ಚಿಡಲಿಲ್ಲವಲ್ಲ ಅಂದುಕೊಂಡೆ. ದೋಸ್ತರ ಸಂಗಡ ಸೇರಿ ಕೆಡುವವನೇನು ಅಂದೆ, ಸಂಜೆತನಕ ಕೆಡುವುದಿಲ್ಲ ಅಂದರು.

"ಅಲ್ಲಿ ನನಗ ಜರಾ ಅಂಜಿಕಿ ಆತ್ರಿ" ಅಂದರು ಮಾಸ್ತರರು. "ಸಂಜಿ ಆದ ಮ್ಯಾಲೆ ಹೆಂಗ ಅಂತ ಕೇಳಿದೆ. ಇಲ್ಲಿ ಇರೂದ ಇಲ್ಲ ಅಂದ್ರು. ಉಂಡು ನೆಟ್ಟಗ ಖೋಲಿಗೆ ಹೋಗೋ ಹುಡುಗ ಅಂತ ತಿಳೀತು. ಆರು ಪ್ರಶ್ನೆ, ಆರಕ್ಕೂ ತಡವರಿಸದ ಉತ್ತರ. ಪರದೇಶದವರು ಸುಳ್ಳು ಯಾಕ ಹೇಳ್ತಾರ?"

ಹಿರಿಯರೆಲ್ಲ ತಲೆದೂಗಿದರು. ಸಕ್ಕರೆ ಹಂಚಿದರು. ಆ ಆರೂ ಮಾತು ಎಲ್ಲಿಯವು ಅಂತ ನನಗೊಬ್ಬನಿಗೇ ಗೊತ್ತಿತ್ತು. ಮರಳಿ ಬಂದು ಸಾಹೇಬರನ್ನು ಕೇಳಿದೆ. ಹೌದು, ಒಬ್ಬ ಹಿರಿಯರು ಬಂದಿದ್ದರು, ಆಲೂಗಡ್ಡೆಯ ಬಗ್ಗೆ ಅಷ್ಟು ಶ್ರದ್ಧೆಯಿಂದ ಯಾರೂ ಕೇಳಿರಲಿಲ್ಲ, ಆದರೆ ಪಾಪ, ತಿನ್ನದೇ ಹೋದರು ಅಂತ ಮರುಗಿದರು.

ಮಾವನವರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಆದರೆ ಮೋಸ ಮಾಡಿ ಮದುವೆಯಾದಂತೆ ಒಳಗೊಳಗೇ ಕೊರೆಯುತ್ತಿತ್ತು. ಮದುವೆ ಮುಗಿದು, ಹೆಂಡತಿಯನ್ನು ಕರೆದುಕೊಂಡು ಆಲಮಟ್ಟಿಗೆ ಬರುವಾಗ ಬಸ್ಸಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಕಿಟಕಿಯ ಆಚೆ ನೋಡುತ್ತಲೇ ಇದ್ದಳು. ಜೋಳದ ಹೊಲಗಳು ಹಿಂದೆ ಸರಿಯುತ್ತಿದ್ದವು, ಬಳೆಗಳ ಮೇಲೆ ಬಿಸಿಲು ಬಂದು ಬಂದು ಹೋಗುತ್ತಿತ್ತು. ಸಿಟ್ಟಾದಳೋ, ಅಳುತ್ತಾಳೋ ತಿಳಿಯಲಿಲ್ಲ. ಬಸ್ಸು ಬಾಗೇವಾಡಿ ದಾಟಿದ ಮೇಲೆ ನನ್ನ ಕಡೆ ತಿರುಗಿ, ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, ಬಹಳ ಸಮಾಧಾನದಿಂದ ಅಂದಳು:

"ಅಂದ್ರ ನಮ್ಮಪ್ಪ ನನ್ನನ್ನ ಆಲೂಗಡ್ಡಿಗೆ ಕೊಟ್ಟಾನ. ಕೈಯಾಗ ಬಂದದ್ದು ನೀವು."