ಟವೆಲಿನ ಕೆಳಗೆ ನಾಲ್ಕು ಬೆರಳು

ನಮ್ಮ ಕಾಕಾ ಎದುರಾದರೆ ದೂರದಿಂದಲೇ ನಮಸ್ಕಾರ ಹೇಳಿ ಮುಂದೆ ಹೋಗಿಬಿಡಿ. ಕೈ ಮಾತ್ರ ಕೊಡಬೇಡಿ. ಕೊಟ್ಟಿರೋ, ಒಬ್ಬ ಡಾಕ್ಟರನ್ನು ಕೊಡುವ ತನಕ ಆ ಕೈ ನಿಮಗೆ ವಾಪಸು ಸಿಗುವುದಿಲ್ಲ!

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಶಾಸಕ. ಯಾವ ಕ್ಷೇತ್ರ ಎಂದು ಕೇಳಬೇಡಿ. ಸುರಪುರದವರನ್ನು ಕೇಳಿದರೆ 'ಅಂವ ಶಹಾಪುರದಾಂವ' ಅನ್ನುತ್ತಾರೆ, ಶಹಾಪುರದವರು ಯಾದಗಿರಿ ಕಡೆ ಕೈ ತೋರಿಸುತ್ತಾರೆ. ಅವನನ್ನು ನಮ್ಮವನು ಎಂದು ಒಪ್ಪಿಕೊಳ್ಳುವ ಧೈರ್ಯ ಇರುವುದು ನಮ್ಮ ಮನೆಯವರಿಗೆ ಮಾತ್ರ. ಅದೂ ಎಲ್ಲ ದಿನ ಇರುವುದಿಲ್ಲ.

ನಾವು ಕುರಿ ಸಾಕುವ ಮನೆತನದವರು. ಕುರಿ ಸಂತೆಯಲ್ಲಿ ರೇಟನ್ನು ಬಾಯಲ್ಲಿ ಹೇಳುವ ಪದ್ಧತಿ ಇಲ್ಲ. ಮಾರುವವನೂ ಕೊಳ್ಳುವವನೂ ಕೈ ಕೈ ಹಿಡಿಯುತ್ತಾರೆ, ಮೇಲೊಂದು ಟವೆಲು ಮುಚ್ಚುತ್ತಾರೆ. ಇವನು ಇಷ್ಟು ಬೆರಳು ಹಿಡಿದು ಒತ್ತಿದರೆ ಅವನು ಅಷ್ಟು ಬೆರಳು ಒತ್ತುತ್ತಾನೆ. ಮುಖ ನೋಡಿದರೆ ಇಬ್ಬರೂ ಮಳೆಯ ವಿಚಾರ ಮಾಡುತ್ತಿರುವಂತೆ ಕಾಣುತ್ತಾರೆ. ಕೊನೆಗೆ ಒತ್ತಿದ ಬೆರಳೇ ಮಾತು. ಆ ಮಾತು ತಪ್ಪಿದವನಿಗೆ ಮುಂದಿನ ಸಂತೆಯಲ್ಲಿ ಚಹಾ ಕೊಡುವವರೂ ಇರುವುದಿಲ್ಲ.

ಕಾಕಾ ಈ ವಿದ್ಯೆಯನ್ನು ಸಂತೆಯಲ್ಲೇ ಬಿಟ್ಟು ಬಂದಿದ್ದರೆ ನಾನೇಕೆ ಬರೆಯುತ್ತಿದ್ದೆ? ಮಗಳ ಮದುವೆ ಮಾತುಕತೆಯಲ್ಲಿ ದಿಬ್ಬಣಕ್ಕೆ ಎಷ್ಟು ಗಾಡಿ ಎಂಬ ಪ್ರಶ್ನೆ ಬಂದಾಗ ಬೀಗರ ಕೈ ಹಿಡಿದು ಟವೆಲು ಮುಚ್ಚಿದ. ಹೈದರಾಬಾದಿನಲ್ಲಿ ಅಂಗಡಿ ಇಟ್ಟುಕೊಂಡ ಆ ಸಭ್ಯ ಮನುಷ್ಯ ಹೆದರಿ ಬೆವರಿ, "ನಾವು ಬಸ್ಸಿಗೇ ಬರ್ತೀವ್ರಿ" ಅಂದುಬಿಟ್ಟರು.

ಈಗ ಡಾಕ್ಟರರ ಕತೆ. ನಮ್ಮ ತಾಲೂಕಿನ ಆಸ್ಪತ್ರೆಗೆ ಚೆಂದದ ಆಪರೇಷನ್ ಕೋಣೆ ಇದೆ. ಬಿಳಿ ಕಲ್ಲು, ದೊಡ್ಡ ದೀಪ, ತಣ್ಣನೆ ಗಾಳಿಯ ಮಷೀನು. ಇಲ್ಲದ್ದು ಎರಡೇ: ಹೆರಿಗೆ ಡಾಕ್ಟರು, ಮತ್ತು ಮಂಪರು ಬರಿಸುವ ಡಾಕ್ಟರು. ಹಾಗಾಗಿ ಹೆರಿಗೆ ಕಷ್ಟವಾದ ಹೆಣ್ಣುಮಕ್ಕಳನ್ನು ಕಲಬುರಗಿಗೆ ಕಳಿಸುತ್ತಾರೆ. ಕೆಲವರು ಮುಟ್ಟುತ್ತಾರೆ. ಕೆಲವರು ಮುಟ್ಟುವುದಿಲ್ಲ. ಖಾಲಿ ಕೋಣೆಯನ್ನು ಗೋದಾಮು ಮಾಡಿಬಿಟ್ಟಾರೆಂದು ಕಾಕಾ ಅದರ ಬಾಗಿಲಿಗೇ ಕುರ್ಚಿ ಹಾಕಿಕೊಂಡು ಜನರ ಅಹವಾಲು ಕೇಳತೊಡಗಿದ. ರಸ್ತೆ ಬೇಡಿ ಬಂದವರು ಹಾಗೇ ಬಿಪಿ ನೋಡಿಸಿಕೊಂಡು ಹೋಗುತ್ತಿದ್ದರು.

ಅಷ್ಟರಲ್ಲಿ ಸರಕಾರ ಹಿಂದುಳಿದ ಜಿಲ್ಲೆಗಳಿಗೆಂದು ಹೊಸ ಆರೋಗ್ಯ ನೀತಿ ಮಾಡಲು ಹೊರಟಿತು. ಶಾಸಕರನ್ನು ಚರ್ಚೆಗೆ ಕರೆದರು. ಕಾಕಾ ಯಾದಗಿರಿಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋದ. ಉಳಿದವರು ಫೈಲು ಒಯ್ದರು, ಇವನು ಟವೆಲು ಒಯ್ದ. ಹೊಸದಾಗಿ ಓದು ಮುಗಿಸಿದ ತಜ್ಞರು ಮೊದಲು ನಮ್ಮ ಕಡೆ ಕೆಲಸ ಮಾಡಬೇಕು, ನೀತಿಯಲ್ಲಿ ಈ ಮಾತು ಸೇರಬೇಕು ಎಂಬುದು ಅವನ ಹಟ. ಸಭೆಯಲ್ಲಿ ಹೇಳಿದ. ಎಲ್ಲರೂ ತಲೆ ಆಡಿಸಿದರು. ತಲೆ ಆಡಿಸುವುದನ್ನು ಕುರಿ ಸಾಕಿದವನು ನಂಬುತ್ತಾನೆಯೇ? ಸಭೆ ಮುಗಿದ ಮೇಲೆ ಮಂತ್ರಿಗಳ ಕೈ ಹಿಡಿದ, ಟವೆಲು ಮುಚ್ಚಿದ, ನಾಲ್ಕು ಬೆರಳು ಒತ್ತಿದ.

"ಏನ್ ಸಾರ್ ಇದು?" ಎಂದು ಮಂತ್ರಿಗಳು ನಕ್ಕರಂತೆ. ನಗುತ್ತಲೇ, ಮಾತು ಮುಗಿಸುವ ಅವಸರಕ್ಕೆ, ಇವನ ಎರಡು ಬೆರಳು ಹಿಸುಕಿ ಕೈ ಬಿಡಿಸಿಕೊಂಡರಂತೆ.

ಕಾಕಾ ಊರಿಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಹೇಳಿದ, "ವ್ಯಾಪಾರ ಮುಗೀತು. ನಾಕು ಡಾಕ್ಟರ್ ಕೇಳಿದ್ನಿ, ಎರಡಕ್ಕ ಬಂದಾರ. ಎರಡು ಸಾಕು ನಮಗ."

"ಕಾಕಾ, ಅವರಿಗೆ ನಮ್ಮ ಸಂತಿ ಪದ್ಧತಿ ಗೊತ್ತಿರಾಕಿಲ್ಲ," ಅಂದೆ ನಾನು.

"ಬೆರಳ ಒತ್ಯಾರ, ಯವ್ವಾ. ದೊಡ್ಡ ಮನಷಾ ಬೆರಳ ಒತ್ತಿ ಮಾತ ತಪ್ತಾನೇನು?"

ಏನು ಹೇಳಲಿ ಇಂಥವನಿಗೆ! ಕಾಯುವುದು ಶುರುವಾಯಿತು. ನೀತಿ ಪಾಸಾಯಿತು. ಅದರಲ್ಲಿ ಕಾಕಾನ ಮಾತೂ ಇತ್ತು, 'ಸಾಧ್ಯವಾದಷ್ಟು ಮಟ್ಟಿಗೆ' ಎಂಬ ಬಾಲ ಹಚ್ಚಿಕೊಂಡು. ಒಂದು ದಿನ ಆಸ್ಪತ್ರೆಗೆ ಲಾರಿ ಬಂತು. ಡಾಕ್ಟರರ ಸಾಮಾನು ಬಂತೆಂದು ಕಾಕಾ ಎದ್ದು ಓಡಿದ. ಲಾರಿಯೊಳಗೆ ಇದ್ದದ್ದು ನೀತಿಯ ದೊಡ್ಡ ಬೋರ್ಡು. ಅದರಲ್ಲಿ ಡಾಕ್ಟರು ಇದ್ದರು, ಕೊರಳಲ್ಲಿ ಸ್ಟೆತಾಸ್ಕೋಪು ಹಾಕಿಕೊಂಡು ನಗುವ ಚಿತ್ರದಲ್ಲಿ.

"ಕುರಿ ಸಂತಿನೇ ವಾಸಿ," ಅಂದ ಕಾಕಾ. "ಅಲ್ಲಿ ಫೋಟೋ ತೋರ್ಸಿ ಕುರಿ ಮಾರಂಗಿಲ್ಲ."

ಇದರ ನಡುವೆ ಕಾಕಾನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಕಾಕಿ ದಿನಾ ಗಂಟುಬಿದ್ದಳು, "ಕಲಬುರಗಿಯಾಗ ಮನಿ ಮಾಡಿ ಇಡೂಣ್ರಿ. ನಿಮ್ಮ ಹಟಕ್ಕ ನನ್ನ ಮಗಳನ್ನ ಪಣಕ್ಕ ಹಚ್ಚಬ್ಯಾಡ್ರಿ."

"ಶಾಸಕನ ಮಗಳೇ ಕಲಬುರಗಿಗಿ ಹೋದ್ರ, ಕುರಿ ಹಿಂದ ಅಡ್ಡಾಡೋ ಹೆಣಮಗಳು ಎಲ್ಲಿಗಿ ಹೋಗಬೇಕು?" ಎಂದ ಕಾಕಾ. "ಇಲ್ಲೇ ಆಗ್ಲಿ. ಅಷ್ಟೊತ್ತಿಗಿ ಡಾಕ್ಟರ್ ಬರ್ತಾರ."

ಕಾಕಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಒಳಗೆ ಹೋದಳು. ನನಗೂ ಅವತ್ತು ಅವನ ಮೇಲೆ ಸಿಟ್ಟು ಬಂತು.

ಹೇಳಿದ ದಿನಕ್ಕಿಂತ ಮೊದಲೇ ನೋವು ಬಂತು. ಮಟಮಟ ಮಧ್ಯಾಹ್ನ. ಆಸ್ಪತ್ರೆಯ ಸಿಸ್ಟರ್ ಮುಟ್ಟಿ ನೋಡಿ ಕಾಕಾನ ಮುಖ ನೋಡದೆ ಹೇಳಿದರು, "ಕೂಸು ಅಡ್ಡ ಐತ್ರಿ ಸಾಹೇಬ್ರ. ಆಪರೇಷನ್ ಮಾಡಬೇಕು. ಕಲಬುರಗಿಗಿ ಒಯ್ರಿ." ಸ್ಟ್ರೆಚರು ಹೊರಗೆ ಬಂದದ್ದು ಆ ಆಪರೇಷನ್ ಕೋಣೆಯ ಮುಂದಿನಿಂದಲೇ. ದಾರಿ ಬಿಡಲಿಕ್ಕೆ ಕಾಕಾ ತನ್ನ ಕುರ್ಚಿಯನ್ನು ತಾನೇ ಪಕ್ಕಕ್ಕೆ ಎಳೆದ.

ಆಂಬುಲೆನ್ಸಿನಲ್ಲಿ ಮಗಳ ತಲೆ ಕಾಕಿಯ ತೊಡೆಯ ಮೇಲಿತ್ತು. ಎದುರಿಗೆ ನಾನೂ ಕಾಕಾನೂ. ಅವನು ಸ್ವಲ್ಪ ಹೊತ್ತಿಗೆ ನನ್ನ ಕೈ ಹಿಡಿದುಕೊಂಡ, ಮೇಲೆ ಟವೆಲು ಎಳೆದುಕೊಂಡ. ನನ್ನ ಎರಡು ಬೆರಳು ಒತ್ತಿದ. ತಾಯಿ, ಕೂಸು. ಯಾರ ಜೊತೆ ಚೌಕಾಸಿ ಮಾಡುತ್ತಿದ್ದನೋ, ಕೈ ಮಾತ್ರ ನನ್ನದಿತ್ತು. ನಾನೂ ಎರಡು ಒತ್ತಿದೆ. ಕೊಡುವವಳು ನಾನಲ್ಲ ಎಂದು ಗೊತ್ತಿದ್ದರೂ ಒತ್ತಿದೆ.

ಜೇವರ್ಗಿ ಬರುವ ಹೊತ್ತಿಗೆ ಮಗಳ ನರಳಾಟ ನಿಂತಿತು. ಕಾಕಿ ಅವಳ ಕೆನ್ನೆ ತಟ್ಟಿ ಹೆಸರು ಹಿಡಿದು ಕರೆಯತೊಡಗಿದಳು. ಟವೆಲಿನ ಕೆಳಗೆ ಕಾಕಾ ನನ್ನ ಒಂದು ಬೆರಳು ಬಿಟ್ಟುಬಿಟ್ಟ. ಉಳಿದ ಒಂದನ್ನು ಎಷ್ಟು ಬಿಗಿಯಾಗಿ ಹಿಡಿದನೆಂದರೆ ಕಲಬುರಗಿ ಮುಟ್ಟುವ ತನಕ ನನಗೆ ಕೈ ಬಿಡಿಸಿಕೊಳ್ಳಲು ಆಗಲಿಲ್ಲ.

ಒಂದೇ ಸಿಕ್ಕಿತು. ಮಗಳು ಉಳಿದಳು.

ಕೂಸನ್ನು ಮಣ್ಣು ಮಾಡಿ ಬಂದ ಮೇಲೆ ಕಾಕಾ ಬಹಳ ದಿನ ಯಾರಿಗೂ ಕೈ ಕೊಡಲಿಲ್ಲ. ಕಾಕಿ ಅವನಿಗೆ ಊಟಕ್ಕೆ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ಖಾಲಿ ಕೋಣೆಯ ಮುಂದಿನ ಕುರ್ಚಿಯೂ ಖಾಲಿ ಇತ್ತು. ಅವನು ರಾಜೀನಾಮೆ ಕೊಡುತ್ತಾನೆ ಎಂದು ಊರು ಮಾತಾಡಿತು. ನಾನೂ ಹಾಗೇ ಅಂದುಕೊಂಡಿದ್ದೆ.

ಮೊನ್ನೆ ಅಧಿವೇಶನಕ್ಕೆ ಹೊರಟ. ಬಿಡಲು ಯಾದಗಿರಿ ಸ್ಟೇಷನ್ನಿಗೆ ನಾನೇ ಹೋಗಿದ್ದೆ. ಹೆಗಲ ಮೇಲೆ ಅದೇ ಟವೆಲು. ಹೊರಡುವಾಗ ಅದನ್ನು ಒಗೆದು ಮಡಚಿ ಕೊಟ್ಟವಳು ಕಾಕಿ.

"ಮತ್ತ ನಗ್ತಾರ ಕಾಕಾ ಅವರು," ಅಂದೆ.

"ನಗಲಿ ಯವ್ವಾ. ನಗೋವಾಗ ಕೈಯರ ಕೊಡ್ತಾರಲ್ಲ."

"ಈ ಸಲ ಎಷ್ಟು ಕೇಳ್ತಿ?"

ಅವನು ನನ್ನ ಕೈ ಹಿಡಿದು ಟವೆಲು ಮುಚ್ಚಿದ. ಒಂದು, ಎರಡು, ಮೂರು, ನಾಲ್ಕು. ನಾನು ನಾಲ್ಕನ್ನೂ ಹಿಡಿದು ಒತ್ತಿದೆ. ರೈಲು ಬರುವ ತನಕ ಒಂದನ್ನೂ ಬಿಡಲಿಲ್ಲ.