ನನ್ನ ಕಾರಿಗೆ ನಾನೇ ನೇಮಿಸಿದ ಕಾವಲುಗಾರ

ಸಂಶಯ ಪಡುವುದು ಕೆಟ್ಟ ಗುಣ ಎಂದು ಎಲ್ಲರೂ ಹೇಳುತ್ತಾರೆ. ಹಾಗೆ ಹೇಳುವವರೂ ಮನೆಗೆ ಬೀಗ ಹಾಕಿದ ಮೇಲೆ ಅದನ್ನು ಎರಡು ಸಲ ಜಗ್ಗಿ ನೋಡಿಯೇ ಹೊರಡುತ್ತಾರೆ. ನಾನು ನಾಲ್ಕು ಸಲ ಜಗ್ಗುತ್ತೇನೆ, ವ್ಯತ್ಯಾಸ ಅಷ್ಟೇ. ರಾಯಚೂರಿನ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ಒಂದೇ ತಪ್ಪು ಉತ್ತರವನ್ನು ಒಂದೇ ಬೆಂಚಿನ ಐದು ಹಾಳೆಗಳಲ್ಲಿ ಕಂಡ ಮನುಷ್ಯ ಯಾರನ್ನು ತಾನೇ ನಂಬಿಯಾನು? ಹಾಲಿನವನು ನಗುತ್ತ ಹಾಲು ಹಾಕಿದರೆ ಇವತ್ತು ನೀರು ಹೆಚ್ಚಾಗಿದೆ ಎನಿಸುತ್ತದೆ. ನಗದೆ ಹಾಕಿದರೆ ಆ ನೀರಿನ ಬಗ್ಗೆ ಅವನಿಗೇ ಪಶ್ಚಾತ್ತಾಪವಾಗಿದೆ ಎನಿಸುತ್ತದೆ. ನನ್ನ ಹೆಂಡತಿ ವನಜಾ ಮದುವೆಯಾದ ಹೊಸತರಲ್ಲಿ ಇದನ್ನು ಬುದ್ಧಿವಂತಿಕೆ ಎಂದು ತಿಳಿದಿದ್ದಳು. ಪಾಪ, ಆಗಿನ್ನೂ ಸಣ್ಣ ವಯಸ್ಸು.

ಹೀಗಿರುವಾಗ ಮಾನ್ವಿಯಲ್ಲಿರುವ ನನ್ನ ಅಕ್ಕ ತನ್ನ ಮಗ ಪ್ರಹ್ಲಾದನಿಗೆ ದೇವದುರ್ಗದ ಹುಡುಗಿಯನ್ನು ಗೊತ್ತು ಮಾಡಿದಳು. ಮದುವೆಯೂ ದೇವದುರ್ಗದಲ್ಲೇ. ಗಂಡಿನ ಕಡೆಯವರು ಮಾನ್ವಿಯಿಂದ ಒಂದು ಬಸ್ಸು ಮಾಡಿಕೊಂಡು ಹೊರಡುವುದೆಂದು ನಿಶ್ಚಯವಾಯಿತು. ತಾಳಿ ಮಾತ್ರ ನನ್ನ ಕಾರಿನಲ್ಲಿ ಬರಬೇಕು ಎಂದು ನಾನು ಹಟ ಹಿಡಿದೆ.

"ಬಸ್ಸಿನ್ಯಾಗ ಅಷ್ಟು ಮಂದಿ ಇರ್ತಾರ. ಯಾರ ಕೈ ಹೆಂಗ ಅಂತ ಹೇಳ್ಲಿಕ್ಕೆ ಬರ್ತದೇನು?" ಎಂದೆ.

"ಎಲ್ಲಾರೂ ನಮ್ಮ ಬಳಗದವರೇ ಅಲ್ಲೇನೋ ವೆಂಕ್ಯಾ?" ಎಂದಳು ಅಕ್ಕ.

"ಅದಕ್ಕೇ ಹೇಳ್ಲಿಕ್ಕತ್ತೀನಿ."

ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ, "ಆತು, ಹಂಗೇ ಆಗ್ಲಿ" ಎಂದಳು.

ಜವಾಬ್ದಾರಿ ಹೊತ್ತ ಮೇಲೆ ಕಾರಿನ ಮೇಲೇ ಸಂಶಯ ಶುರುವಾಯಿತು. ಅದು ನಾನು ಇನ್ನೊಬ್ಬರಿಂದ ಕೊಂಡ ಹಳೆಯ ಕಾರು. ಮೊದಲಿನ ಮಾಲೀಕನ ಹತ್ತಿರ ಇನ್ನೊಂದು ಕೀಲಿ ಇಲ್ಲವೆಂದು ಯಾರು ಕಂಡಿದ್ದಾರೆ? ನಮ್ಮೂರಿನ ತೀನ್ ಕಂದೀಲ್ ಸರ್ಕಲ್ಲಿನ ಹತ್ತಿರದ ಅಂಗಡಿಯೊಂದಕ್ಕೆ ಹೋಗಿ ಕಳ್ಳರು ಮುಟ್ಟಿದರೆ ಕಿರುಚುವ ಅಲಾರಾಮಿನ ಡಬ್ಬಿಯೊಂದನ್ನು ತಂದೆ. ಅಂಗಡಿಯವನು, "ನಮ್ಮ ಮೆಕ್ಯಾನಿಕ್ ಅರ್ಧ ತಾಸಿನ್ಯಾಗ ಕೂಡಿಸಿ ಕೊಡ್ತಾನ್ರಿ ಸರ್" ಎಂದ. ಎಷ್ಟು ಸಲೀಸಾಗಿ ಹೇಳಿಬಿಟ್ಟ! ಸೈರನ್ ಎಲ್ಲಿದೆ, ಅದರ ವೈರು ಎಲ್ಲಿ ಹಾದುಹೋಗಿದೆ, ಎಲ್ಲಿ ಕತ್ತರಿಸಿದರೆ ಅದು ಬಾಯಿ ಮುಚ್ಚುತ್ತದೆ ಎಂಬುದೆಲ್ಲ ಮೂರನೆಯವನಿಗೆ ಗೊತ್ತಾದ ಮೇಲೆ ಅಲಾರಾಮು ಇದ್ದರೇನು, ಬಿಟ್ಟರೇನು? ನಾನೇ ಕೂಡಿಸುತ್ತೇನೆಂದು ಹೇಳಿ ಡಬ್ಬಿಯನ್ನು ಬಗಲಲ್ಲಿಟ್ಟುಕೊಂಡು ಮನೆಗೆ ಬಂದೆ.

ಭಾನುವಾರ ಬೆಳಿಗ್ಗೆ ಕೆಲಸ ಹಿಡಿದೆ. ತಲೆಯನ್ನು ಸ್ಟೇರಿಂಗಿನ ಕೆಳಗೆ ತೂರಿಸಿ, ಕಾಲನ್ನು ಬಾಗಿಲಾಚೆ ಚಾಚಿ ಮಲಗಿದೆ. ಡಬ್ಬಿಯ ಜೊತೆಗಿದ್ದ ಕಾಗದದಲ್ಲಿ ಕೆಂಪು, ಕಪ್ಪು, ಹಳದಿ ವೈರುಗಳ ಬಗ್ಗೆ ಮಾತ್ರ ಬರೆದಿತ್ತು. ಡಬ್ಬಿಯೊಳಗೆ ಒಂದು ನೇರಳೆ ವೈರು ಕೂಡ ಇತ್ತು. ಕಾಗದದಲ್ಲಿ ಅದರ ಸುದ್ದಿ ಏಕಿಲ್ಲ? ಬೇಕಂತಲೇ ಬಿಟ್ಟಿರಬೇಕು. ಆ ನೇರಳೆ ವೈರನ್ನು ಮಡಚಿ, ಮೇಲೆ ಟೇಪು ಸುತ್ತಿ, ಯಾರಿಗೂ ಕಾಣದಂತೆ ಸೀಟಿನ ಕೆಳಗೆ ಬಂಧಿಸಿಟ್ಟೆ. ಸಂಜೆಯ ಹೊತ್ತಿಗೆ ಕೆಲಸ ಮುಗಿಯಿತು. ಎರಡು ಸ್ಕ್ರೂ ಉಳಿದವು.

"ಇವು ಯಾವುವು?" ಎಂದಳು ವನಜಾ.

"ಕಂಪನಿಯವರು ಹೆಚ್ಚಿಗೆ ಕೊಟ್ಟಿರ್ತಾರ."

"ಅಲ್ಲರೀ, ದೇವರು ಪ್ರಸಾದ ಕೊಟ್ರೂ ಮೂಸಿ ನೋಡೋರು ನೀವು. ಕಂಪನಿಯವರು ಪುಕ್ಕಟೆ ಸ್ಕ್ರೂ ಕೊಡ್ತಾರಂತ ಹೆಂಗ ನಂಬಿದ್ರಿ?"

ನಾನು ರಿಮೋಟಿನ ಗುಂಡಿ ಒತ್ತಿದೆ. ಕಾರು ಕುಂಯ್ ಎಂದಿತು. ಆ ಸದ್ದು ಕೇಳಿ ನನ್ನ ಎದೆ ತುಂಬಿ ಬಂತು. ಎಷ್ಟು ಮೆತ್ತಗೆ ಮುಟ್ಟಿದರೆ ಕೂಗಬೇಕು ಎಂಬುದನ್ನು ಹೆಚ್ಚುಕಡಿಮೆ ಮಾಡಲು ಒಂದು ತಿರುಪು ಇತ್ತು. ಅದನ್ನು ಕೊನೆಯವರೆಗೂ ತಿರುಗಿಸಿದೆ. ಬಾಗಿಲು ಮುಚ್ಚಿದ ಅರ್ಧ ನಿಮಿಷಕ್ಕೆ ಕಾರು ತಾನೇ ಬೀಗ ಹಾಕಿಕೊಳ್ಳುವ ಏರ್ಪಾಡೂ ಅದರಲ್ಲಿತ್ತು. ಮನುಷ್ಯನ ಮರೆವನ್ನು ನಂಬಬಾರದೆಂದು ಅದನ್ನೂ ಚಾಲೂ ಮಾಡಿದೆ.

ಮುಂದಿನ ಒಂದು ವಾರ ನಮ್ಮ ಓಣಿಗೆ ನೆಮ್ಮದಿ ಇರಲಿಲ್ಲ. ಕಾಗೆ ಕೂತರೆ ಕಾರು ಕೂಗಿತು, ಲಾರಿ ಹೋದರೆ ಕೂಗಿತು, ಎದುರು ಮನೆಯಲ್ಲಿ ಒಗ್ಗರಣೆ ಸಿಡಿದರೂ ಕೂಗಿತು ಎಂದು ವನಜಾ ಆಣೆ ಮಾಡಿ ಹೇಳುತ್ತಾಳೆ. ಪಕ್ಕದ ಮನೆಯ ಶರಣಪ್ಪನವರು ಅಕ್ಕಿ ಗಿರಣಿ ನಡೆಸುವವರು, ಸದ್ದು ಅವರಿಗೆ ಹೊಸದಲ್ಲ. ಅಂಥವರೇ ಒಂದು ದಿನ ಕೈಮುಗಿದು ಬಂದು, "ಮಾಸ್ತರ್ರ, ನಿಮ್ಮ ಗಾಡಿ ಯಾರೂ ಒಯ್ಯಂಗಿಲ್ರಿ, ಖರೇ. ಆದ್ರ ನಾವ ಊರು ಬಿಟ್ಟು ಹೋಗೂ ಹಂಗ ಆಗೇತಿ" ಎಂದರು. ಅಲಾರಾಮು ಬೇಡವೆನ್ನುವ ಮನುಷ್ಯನ ಮನಸ್ಸಿನಲ್ಲಿ ಏನಿರಬಹುದು ಎಂದು ನಾನು ಎರಡು ದಿನ ಯೋಚಿಸಿದೆ.

ಮದುವೆಯ ದಿನ ಬೆಳಿಗ್ಗೆ ಮಾನ್ವಿಯಲ್ಲಿ ಅಕ್ಕ ಒಂದು ಕೆಂಪು ಖಣದ ಬಟ್ಟೆಯ ಚೀಲವನ್ನು ನನ್ನ ಕೈಗಿತ್ತಳು. ಅದರ ಬಾಯಿಯನ್ನು ಸೂಜಿದಾರದಿಂದ ಒತ್ತಾಗಿ ಹೊಲಿದಿದ್ದಳು. "ದಾರ್ಯಾಗ ಬಿಚ್ಚಬ್ಯಾಡ, ಮುಹೂರ್ತಕ್ಕ ನನ್ನ ಕೈಗೇ ಕೊಡು" ಎಂದಳು. ಬಸ್ಸು ಮುಂದೆ ಹೋಯಿತು. ನಾನೂ ವನಜಾಳೂ ಸಿರವಾರದ ಮೇಲೆ ಹಾದು ದೇವದುರ್ಗಕ್ಕೆ ಬಂದಾಗ ಮುಹೂರ್ತಕ್ಕೆ ಇನ್ನೂ ಮುಕ್ಕಾಲು ತಾಸು ಇತ್ತು. ಪೇಟೆಯಲ್ಲಿ ಕಾರು ನಿಲ್ಲಿಸಿ ಎಂಜಿನ್ ಬಂದ್ ಮಾಡಿದೆ. ವನಜಾ ಮಲ್ಲಿಗೆ ತರಲು ಇಳಿದುಹೋದಳು. ನಾನು ಸೆಕೆಗೆ ನನ್ನ ಬದಿಯ ಬಾಗಿಲನ್ನು ತುಸು ತೆರೆದಿಟ್ಟುಕೊಂಡು ಚೀಲ ಕಾಯುತ್ತ ಕೂತೆ.

ಎದುರಿಗೆ ದೊಡ್ಡ ಛತ್ರಿಯ ಕೆಳಗೆ ಕೂತಿದ್ದ ಗಡ್ಡದ ಮನುಷ್ಯನೊಬ್ಬ ನನ್ನ ಕಾರನ್ನೇ ನೋಡುತ್ತಿದ್ದ. ನಾನು ನೋಡಿದಾಗ ಕಣ್ಣು ತಿರುಗಿಸಿದ. ನಾನು ಕಣ್ಣು ತಿರುಗಿಸಿದಾಗ ಮತ್ತೆ ನೋಡಿದ. ಹಿಂದಿನ ಡಿಕ್ಕಿಯ ಕಡೆಗೇ ಅವನ ಲಕ್ಷ್ಯ ಇದ್ದಂತೆ ಕಂಡಿತು. ಡಿಕ್ಕಿ ಸರಿಯಾಗಿ ಮುಚ್ಚಿದೆಯೋ ಇಲ್ಲವೋ! ಚೀಲವನ್ನು ಸೀಟಿನ ಕೆಳಗೆ ತಳ್ಳಿ, ಇಳಿದು, ಬಾಗಿಲು ಮುಚ್ಚಿ ಹಿಂದಕ್ಕೆ ಹೋದೆ. ಡಿಕ್ಕಿಯನ್ನು ಮೆತ್ತಗೆ ಒತ್ತಿ ನೋಡಿದೆ, ಸುತ್ತಲೂ ಕಣ್ಣಾಡಿಸಿದೆ. ಆಗ ಕಾರು ಕುಂಯ್ ಎಂದು ತಾನೇ ಬೀಗ ಹಾಕಿಕೊಂಡಿತು. ಕೀಲಿ ಒಳಗೆ ಸ್ಟೇರಿಂಗಿನ ಬದಿಗೆ ತೂಗುತ್ತಿತ್ತು. ಎರಡನೆಯ ರಿಮೋಟನ್ನು ಮನೆಯಲ್ಲಿಟ್ಟರೆ ಯಾರಾದರೂ ಒಯ್ದಾರೆಂದು ಅದನ್ನೂ ಅದೇ ಗೊಂಚಲಿಗೆ ಸೇರಿಸಿದ್ದೆ.

ಗಾಬರಿಯಲ್ಲಿ ಬಾಗಿಲನ್ನು ಹಿಡಿದು ಜಗ್ಗಿದೆ. ಸೈರನ್ ಇಡೀ ಪೇಟೆಗೆ ಕೇಳುವಂತೆ ಬಾಯಿ ತೆಗೆಯಿತು. ಕ್ಷಣದಲ್ಲಿ ನನ್ನ ಸುತ್ತ ಇಪ್ಪತ್ತು ಮಂದಿ ನೆರೆದರು. ಬದನೆಕಾಯಿ ಮಾರುತ್ತಿದ್ದ ಮುದುಕಿಯೊಬ್ಬಳು ಎದ್ದು ಬಂದು, "ಯಪ್ಪಾ, ಗಾಡಿ ನಿಂದ ಏನು?" ಎಂದಳು.

"ನಂದೇ ಯವ್ವಾ."

"ನಿಂದಾದ್ರ ನಿನ್ನ ನೋಡಿ ಯಾಕ ಚೀರಾಕತ್ತೈತಿ?"

ಕಾಗದಪತ್ರ ತೋರಿಸೆಂದು ಯಾರೋ ಕೂಗಿದರು. ಎಲ್ಲವೂ ಒಳಗಿದ್ದವು. ಇನ್ನೊಬ್ಬ ನನ್ನ ಪಂಚೆ, ಶಲ್ಯ, ಮೈಮೇಲಿನ ಗೋಪಿಚಂದನದ ಮುದ್ರೆಗಳನ್ನು ನೋಡಿ, "ಈಗಿನ ಕಾಲದಾಗ ವೇಷ ನೋಡಿ ನಂಬಾಂಗಿಲ್ಲ ಬಿಡ್ರಿ" ಎಂದ. ನಾನೇ ಎಷ್ಟೋ ಸಲ ಆಡಿದ ಮಾತು ಅದು, ಆದರೆ ಇನ್ನೊಬ್ಬರ ಬಾಯಲ್ಲಿ ಇಷ್ಟು ಒರಟಾಗಿ ಕೇಳಿಸುತ್ತದೆಂದು ಗೊತ್ತಿರಲಿಲ್ಲ. ಅಷ್ಟರಲ್ಲಿ ವನಜಾ ಮಲ್ಲಿಗೆಯ ಪೊಟ್ಟಣ ಹಿಡಿದು ಬಂದಳು. ಮುದುಕಿ ನನ್ನತ್ತ ಬೆರಳು ತೋರಿಸಿ, "ಯವ್ವಾ, ಇವರು ನಿನಗ ಗೊತ್ತೇನು?" ಎಂದಳು. ವನಜಾ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಅಗತ್ಯಕ್ಕಿಂತ ಹೆಚ್ಚು ಹೊತ್ತೇ ನೋಡಿದಳು. "ಹೌದ್ರಿ, ನಮ್ಮವರೇ" ಎಂದಳು.

ಛತ್ರಿಯ ಕೆಳಗಿನ ಗಡ್ಡದವನು ಎದ್ದು ಬಂದ. ಅವನ ಹೆಸರು ಖಾಜಾಸಾಬ, ಕಸುಬು ಕೀಲಿ ಮಾಡುವುದು. "ಆಗಿಂದ ನೋಡಾಕತ್ತೀನ್ರಿ ಸರ್, ನಿಮ್ಮ ಹಿಂದಿನ ಗಾಲ್ಯಾಗ ಹವಾ ಕಡಿಮಿ ಐತಿ. ಹೇಳಬೇಕಂದ್ರ ನೀವು ಸಿಟ್ಟೀಲೆ ನೋಡಿದ್ರಿ" ಎಂದ. ಸೈರನ್ನಿನ ಅಬ್ಬರದ ನಡುವೆಯೇ ಉಕ್ಕಿನ ತೆಳ್ಳನೆಯ ಪಟ್ಟಿಯೊಂದನ್ನು ಗಾಜಿನ ಸಂದಿಗೆ ಇಳಿಸಿ, ಒಂದು ಸಲ ತಡಕಾಡಿ ಮೇಲಕ್ಕೆಳೆದ. ಬಾಗಿಲು ತೆರೆಯಿತು. ಇಡೀ ಭಾನುವಾರ ಬೆನ್ನು ಮುರಿದುಕೊಂಡು ನಾನು ಕಟ್ಟಿದ ಕೋಟೆ ಅವನಿಗೆ ಒಂದು ಚಹಾ ಆರುವಷ್ಟು ಹೊತ್ತೂ ತಡೆಯಲಿಲ್ಲ. ನಾನು ರಿಮೋಟು ಒತ್ತಿ ಸೈರನ್ ನಿಲ್ಲಿಸಿದೆ. ಖಾಜಾಸಾಬ ಒಳಗೆ ಬಗ್ಗಿ ನೋಡಿ, "ಈ ವೈರು ಯಾವ ಪುಣ್ಯಾತ್ಮ ಕೂಡಿಸ್ಯಾನ್ರಿ?" ಎಂದ.

"ರಾಯಚೂರಿನ್ಯಾಗ ಒಬ್ಬ ಮೆಕ್ಯಾನಿಕ್" ಎಂದೆ.

"ಅವನ ಕೈಯಾಗ ಇನ್ನೊಮ್ಮಿ ಗಾಡಿ ಕೊಡಬ್ಯಾಡ್ರಿ."

"ನಾನೂ ಅದನ್ನೇ ಹೇಳ್ತೀನ್ರಿ" ಎಂದಳು ವನಜಾ.

ಚೀಲ ಇಟ್ಟಲ್ಲೇ ಇತ್ತು. ಮುಹೂರ್ತಕ್ಕೆ ಎಂಟು ನಿಮಿಷ ಇರುವಾಗ ಅದನ್ನು ಎದೆಗೊತ್ತಿಕೊಂಡು ಮಂಟಪಕ್ಕೆ ಓಡಿದೆ. ಏದುಸಿರು ಬಿಡುತ್ತ, ನಡೆದದ್ದನ್ನೆಲ್ಲ ಅಕ್ಕನಿಗೆ ಹೇಳಿದೆ. ಅವಳು ಚೀಲವನ್ನು ಇಸಿದುಕೊಂಡು, ತೆರೆದೂ ನೋಡದೆ ಕುರ್ಚಿಯ ಕೆಳಗೆ ಒಗೆದಳು. ಆಮೇಲೆ ಸೊಂಟದ ಸೆರಗಿನ ಗಂಟು ಬಿಚ್ಚಿ ತಾಳಿಯ ಡಬ್ಬಿ ತೆಗೆದು ಪುರೋಹಿತರ ಕೈಗಿತ್ತಳು.

"ಮತ್ತ ಆ ಚೀಲದಾಗ ಏನದ?" ಎಂದೆ.

"ಅರಿಷಿಣ ಕೊಂಬು. ನಿನ್ನ ಕೈಯಾಗ ತಾಳಿ ಕೊಟ್ಟು ನಾ ಹೆಂಗ ಸಮಾಧಾನದಿಂದ ಇರ್ಲೋ? ದಾರ್ಯಾಗ ಏನರೆ ಒಂದು ಮಾಡ್ಕೋತೀ ಅಂತ ನನಗ ಸಂಶಯ ಇತ್ತು. ಏನೂ ಕೊಡದಿದ್ರ ತಾಳಿ ಕಾಯ್ಲಿಕ್ಕಂತ ಬಸ್ಸಿನ ಹಿಂದಿಂದೇ ಕಾರು ಹೊಡ್ಕೋತ ಬರ್ತಿದ್ದಿ."

ಒಡಹುಟ್ಟಿದ ತಮ್ಮನ ಮೇಲೆ ಸಂಶಯ! ಮನಸ್ಸಿಗೆ ಬಹಳ ನೋವಾಯಿತು. ಬಳಗದವರ ಮೇಲೆ ಇಷ್ಟೂ ವಿಶ್ವಾಸ ಇಲ್ಲದಿದ್ದರೆ ಸಂಸಾರ ನಡೆಯುವುದು ಹೇಗೆ ಎಂದು ವನಜಾಳ ಮುಂದೆ ಗೊಣಗುತ್ತ ಅಕ್ಷತೆ ಹಿಡಿದು ನಿಂತೆ. ವಾದ್ಯದ ಸದ್ದು ಜೋರಾಯಿತು, ಎಲ್ಲರೂ ಅಕ್ಷತೆ ಹಾಕಿದರು. ನಾನು ಮಾತ್ರ ಮುಷ್ಟಿ ಬಿಚ್ಚದೆ ಎರಡು ಹೆಜ್ಜೆ ಮುಂದೆ ಸರಿದು, ಪ್ರಹ್ಲಾದ ಕಟ್ಟುತ್ತಿದ್ದ ತಾಳಿಯನ್ನು ಕನ್ನಡಕ ಏರಿಸಿ ನೋಡುತ್ತಿದ್ದೆ. ಒಮ್ಮೆ ಅರಿಷಿಣ ಕೊಂಬು ಕೊಟ್ಟವಳು ಇನ್ನೊಮ್ಮೆ ಕೊಡುವುದಿಲ್ಲವೆಂದು ಏನು ಖಾತ್ರಿ?